ಎಲೆಯ ಗುರುತಿನ ದಾರಿ

ವಿಜಯಪುರದ ಕಡೆಯಿಂದ ಪುಣೆಗೆ ಬಂದು ಹದಿನೈದು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿರುವ ಆ ಚಾಲಕರಿಗೆ ಪೆಟ್ರೋಲಿನ ಲೆಕ್ಕ ಬಲಗಾಲಿಗೇ ಗೊತ್ತು. ‘ಗಾಡಿ ಓಡಾಕ ಎಣ್ಣಿ ಕುಡಿಯಂಗಿಲ್ರಿ, ನಿಂತು ಹೊಂಡಾಕ ಕುಡಿತೈತಿ’ ಎನ್ನುತ್ತಾರೆ. ತುಸು ಉತ್ಪ್ರೇಕ್ಷೆ ಇರಬಹುದು, ಸುಳ್ಳಲ್ಲ. ಜನ ಸೇರಿ ಟನ್ನು ದಾಟುವ ಕಾರಿಗೆ ಎಣ್ಣೆ ಸುಟ್ಟು ಕೊಟ್ಟ ವೇಗವೆಲ್ಲ ಕೆಂಪು ದೀಪದ ಮುಂದೆ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಹಸಿರಾದ ಮೇಲೆ ಮತ್ತೆ ಮೊದಲಿನಿಂದ ಸುಡಬೇಕು.

ಈ ಬುದ್ಧಿ ಈಗ ಫೋನಿಗೂ ಬಂದಿದೆ. ಗೂಗಲ್ ಮ್ಯಾಪ್ಸ್ 2021ರಲ್ಲಿ ಅಮೆರಿಕದಲ್ಲಿ ಇಂಧನ ಉಳಿಸುವ ದಾರಿಗೆ ಪುಟ್ಟ ಹಸಿರು ಎಲೆಯ ಗುರುತು ಹಾಕತೊಡಗಿತು. ಭಾರತಕ್ಕೂ ಅದನ್ನು ತರುವುದಾಗಿ 2023ರ ಡಿಸೆಂಬರಿನಲ್ಲಿ ಹೇಳಿತು. ಏರು, ಇಳಿಜಾರು, ದಟ್ಟಣೆ ಎಲ್ಲ ನೋಡಿ ಅದು ದಾರಿ ಆರಿಸುತ್ತದೆ.

ಒಂದು ದಿನ ಸ್ವಾರಗೇಟಿನಿಂದ ಹಿಂಜವಡಿಗೆ ಹೊರಟಾಗ ಎಲೆ ಬಿದ್ದದ್ದು ಬೈಪಾಸಿನ ಸುತ್ತು ದಾರಿಗೆ. ನಾಲ್ಕು ನಿಮಿಷ ತಡ, ಸಿಗ್ನಲ್ ಮಾತ್ರ ಕಡಿಮೆ. ಹಿಂದೆ ಕೂತ ಧಾರವಾಡದ ಹುಡುಗಿ ಫೋನಿನತ್ತ ಬಗ್ಗಿ, ‘ಕಾಕಾ, ಮೀಟಿಂಗ್ ಐತ್ರಿ, ಊರಾಗಿಂದನ ಹೋಗ್ರಿ’ ಎಂದಳು. ‘ಆತವ್ವಾ’ ಎಂದು ಅವರು ಗಾಡಿ ತಿರುಗಿಸಿದರು. ಅವಳದೇನೂ ತಪ್ಪಿಲ್ಲ. ಬಾಡಿಗೆ ಮೊದಲೇ ಗೊತ್ತಾಗಿತ್ತು. ಉಳಿದ ನಿಮಿಷ ಅವಳಿಗೆ, ಹೆಚ್ಚು ಸುಟ್ಟ ಎಣ್ಣೆ ಅವರ ಜೇಬಿಗೆ.

ಕಾರುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ದಾರಿ ಸುಗಮ ಮಾಡಿಕೊಳ್ಳಬೇಕೆಂಬ ಕನಸು ಹಳೆಯದು. ಅದಕ್ಕೆಂದೇ ಅಮೆರಿಕ 1999ರಲ್ಲಿ 75 ಮೆಗಾಹರ್ಟ್ಸ್ ರೇಡಿಯೋ ತರಂಗ ಮೀಸಲಿಟ್ಟು, ಇಪ್ಪತ್ತೊಂದು ವರ್ಷ ಕಾದು, 2020ರಲ್ಲಿ 45ನ್ನು ವಾಪಸ್ ತೆಗೆದುಕೊಂಡಿತು. ನಮ್ಮಲ್ಲಿ ಆ ರೇಡಿಯೋಗೆ ಯಾರೂ ಕಾಯಲಿಲ್ಲ. ಡ್ಯಾಶ್‌ಬೋರ್ಡಿಗೆ ಅಂಟಿದ ಫೋನೇ ವೇಗವನ್ನು ಮೇಲೆ ಕಳಿಸುತ್ತದೆ. ಅಂಥ ಎಷ್ಟೋ ಫೋನುಗಳಿಂದಲೇ ನಕ್ಷೆಯ ರಸ್ತೆಗೆ ಕೆಂಪು, ಹಳದಿ ಬಣ್ಣ ಬರುವುದು. ಅಂದರೆ ದಿನವಿಡೀ ಊರಿಗೆ ದಾರಿ ಹೇಳುವ ಕೆಲಸವನ್ನೂ ಈ ಚಾಲಕರು ಪುಕ್ಕಟೆ ಮಾಡುತ್ತಿದ್ದಾರೆ.

ಅದೇ ಮಾಹಿತಿಗೆ ಇನ್ನೂ ಒಳ್ಳೆಯ ಉಪಯೋಗ ಇದೆ. ಗೂಗಲ್‌ನ ‘ಗ್ರೀನ್ ಲೈಟ್’ ಯೋಜನೆ ಬೆಂಗಳೂರು, ಹೈದರಾಬಾದ್, ಕೋಲ್ಕತ್ತಗಳಲ್ಲಿ ವಾಹನಗಳನ್ನು ತಿರುಗಿಸುವ ಬದಲು, ಸಿಗ್ನಲ್ಲಿನ ಸಮಯವನ್ನೇ ತುಸು ಬದಲಿಸಲು ಸಂಚಾರ ಅಧಿಕಾರಿಗಳಿಗೆ ಸಲಹೆ ಕೊಡುತ್ತದೆ. ಹೊಸ ಕಂಬ ನೆಡಬೇಕಿಲ್ಲ. ನಿಲ್ಲುವುದು 30%ವರೆಗೆ ಕಡಿಮೆಯಾಗಬಹುದು ಎಂಬುದು ಕಂಪನಿಯದೇ ಆರಂಭದ ಅಂದಾಜು. ಅರ್ಧ ನಿಜವಾದರೂ ಎಲೆಗಿಂತ ಇದು ಮೇಲು. ಇಲ್ಲಿ ನಿಮಿಷವೋ ಎಣ್ಣೆಯೋ ಎಂದು ಹಿಂದಿನ ಸೀಟು ತೀರ್ಮಾನಿಸಬೇಕಿಲ್ಲ. ರಿಕ್ಷಾದವನಿಗೂ ಬಸ್ಸಿಗೂ ಫೋನೇ ಇಲ್ಲದ ಸ್ಕೂಟರಿಗೂ ಲಾಭ ಒಂದೇ.

ಸದ್ಯಕ್ಕೆ ಅವರು ದೊಡ್ಡ ಸಿಗ್ನಲ್ಲುಗಳಲ್ಲಿ ಎಂಜಿನ್ ಆರಿಸುತ್ತಾರೆ. ಎಸಿ ನಿಂತಿತೆಂದು ಹಿಂದಿನಿಂದ ದನಿ ಬಂದರೆ ಮಾತಾಡದೆ ಕೀಲಿ ತಿರುಗಿಸುತ್ತಾರೆ.