ಮಧ್ಯಾಹ್ನ ಮಾತ್ರ ಆರುತ್ತಿದ್ದ ಕಂಪ್ಯೂಟರು

ನಮ್ಮ ಮನೆಗೆ ಕಂಪ್ಯೂಟರು ಬಂದದ್ದು 2004ರ ದಸರೆಗೆ. ಹೊಸಪೇಟೆಯ ನಮ್ಮ ಓಣಿಯಲ್ಲಿ ಅದೇ ಮೊದಲನೆಯದಾದ್ದರಿಂದ ಅದಕ್ಕೆ ಹೊಸ ಸೊಸೆಯ ಮರ್ಯಾದೆ. ನನ್ನ ಹೆಂಡತಿ ಮಾನಿಟರಿಗೊಂದು, ಕೆಳಗಿನ ಡಬ್ಬಿಗೊಂದು ಕಸೂತಿ ಹಾಕಿದ ಹೊದಿಕೆ ಹೊಲಿದಳು. ಧೂಳು ತಾಗದಿರಲೆಂದು ಡಬ್ಬಿಯನ್ನು ಟೇಬಲ್ಲಿನ ಕಪಾಟಿನೊಳಗೆ ಕೂರಿಸಿ ಬಾಗಿಲು ಮುಚ್ಚಿದೆವು. ಆಯುಧಪೂಜೆಯ ದಿನ ಕುಂಕುಮವನ್ನೂ ಹಚ್ಚಿಸಿಕೊಂಡಿತು. ಈ ಹೊದಿಕೆ ಮತ್ತು ಕಪಾಟನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಆರು ತಿಂಗಳು ಯಾವ ತೊಂದರೆಯೂ ಇರಲಿಲ್ಲ. 2005ರ ಏಪ್ರಿಲ್‌ನಲ್ಲಿ, ಮಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದಾಗ, ಅದು ಇದ್ದಕ್ಕಿದ್ದಂತೆ ಆರಿಹೋಗತೊಡಗಿತು. ಕರೆಂಟು ಇದೆ, ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಕಂಪ್ಯೂಟರು ಮಾತ್ರ ಟಪ್ಪೆಂದು ಕಪ್ಪು. ಬೆಳಿಗ್ಗೆ ಆರು ಗಂಟೆಗೆ ನಾನು ಕೂತಾಗ ಒಂದು ದಿನವೂ ಹಾಗಾಗಲಿಲ್ಲ. ಆಗುತ್ತಿದ್ದುದೆಲ್ಲ ನಾನು ಕಚೇರಿಗೆ ಹೋದ ಮೇಲೆ, ಮಧ್ಯಾಹ್ನ, ಮಗ ಕೂತಾಗ. ತಂದೆಯಾದವನಿಗೆ ತೀರ್ಪು ಕೊಡಲು ಇನ್ನೇನು ಸಾಕ್ಷಿ ಬೇಕು? 'ಗೆಳೆಯರಿಂದ ಆಟದ ಸಿ.ಡಿ. ತಂದು ವೈರಸ್ ಹಾಕಿದ್ದೀಯ' ಎಂದೆ. ಅವನು ಇಲ್ಲವೆಂದ. ಸಿ.ಡಿ. ತಂದದ್ದಂತೂ ನಿಜವಾಗಿತ್ತು, ಹಾಗಾಗಿ ಅವನ 'ಇಲ್ಲ'ಕ್ಕೆ ಬೆಲೆ ಬರಲಿಲ್ಲ.

ಅಂಗಡಿಯ ಹುಡುಗನನ್ನು ಕರೆಸಿದೆ. ಐದು ನಿಮಿಷ ನೋಡಿ ವೈರಸ್ ಎಂದ, ಫಾರ್ಮ್ಯಾಟ್ ಮಾಡಿದ, ಮುನ್ನೂರು ರೂಪಾಯಿ ತೆಗೆದುಕೊಂಡ. ಫಾರ್ಮ್ಯಾಟ್ ಎಂದರೆ ಸಾಮಾನನ್ನೆಲ್ಲ ಬೀದಿಗೆಸೆದು ಖಾಲಿ ಮನೆಗೆ ಸುಣ್ಣ ಬಳಿದ ಹಾಗೆ ಎಂಬುದು ನನಗೆ ಸರಿಯಾಗಿ ಗೊತ್ತಿರಲಿಲ್ಲ. 'ಮುಖ್ಯವಾದದ್ದು ಏನಾದರೂ ಇದೆಯಾ ಸಾರ್?' ಎಂದು ಅವನು ಕೇಳಿದ್ದು ನಿಜ. ನನ್ನ ಕಚೇರಿಯ ಎರಡು ಪತ್ರಗಳನ್ನು ಫ್ಲಾಪಿಗೆ ಹಾಕಿಸಿಕೊಂಡೆ. ಮಗ ಆಗ ಮನೆಯಲ್ಲಿರಲಿಲ್ಲ. ಅವನನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಸಂಜೆ ಗೊತ್ತಾಯಿತು. ರಜೆಯುದ್ದಕ್ಕೂ ಅವನು ನಮ್ಮವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆಕೆಯ ಬೀಸುವ ಕಲ್ಲಿನ ಹಾಡುಗಳನ್ನು 'ಬರಹ' ತಂತ್ರಾಂಶದಲ್ಲಿ ಟೈಪು ಮಾಡುತ್ತಿದ್ದನಂತೆ. ನಲವತ್ತೊಂದು ಹಾಡು. ಬರೀ ಆಟವೆಂದು ನಾನು ತಿಳಿದಿದ್ದ ಮಧ್ಯಾಹ್ನಗಳಲ್ಲಿ ಅರ್ಧ ಇದಕ್ಕೇ ಹೋಗಿತ್ತು. ಎಲ್ಲವೂ ಅಳಿಸಿಹೋಗಿತ್ತು. ಅವನು ಅಳಲಿಲ್ಲ, ಜಗಳವಾಡಲಿಲ್ಲ. ಆ ಕೋಣೆಗೆ ಬರುವುದನ್ನೇ ಬಿಟ್ಟ.

ಮುಂದಿನ ಭಾನುವಾರ ಮಧ್ಯಾಹ್ನ ನಾನೇ ಕೂತು ಪತ್ರವೊಂದನ್ನು ಟೈಪು ಮಾಡುತ್ತಿದ್ದೆ. ಮುಕ್ಕಾಲು ಗಂಟೆಗೆ ಆರಿತು. ಮತ್ತೆ ಹಚ್ಚಿದೆ, ಐದೇ ನಿಮಿಷಕ್ಕೆ ಆರಿತು. ಫಾರ್ಮ್ಯಾಟ್ ಆಗಿ ವಾರವೂ ಕಳೆದಿರಲಿಲ್ಲ. ಆಟದ ಸಿ.ಡಿ. ಇರಲಿಲ್ಲ, ಮಗನೂ ಇರಲಿಲ್ಲ. ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಾಣಿಸುತ್ತಿತ್ತು.

ಓಣಿಯ ಕೊನೆಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಹಿರಿಯರೊಬ್ಬರಿದ್ದರು. 'ಕಂಪ್ಯೂಟರು ನನಗ ತಿಳಿಯಂಗಿಲ್ಲ, ಕೆಡೋದು ತಿಳೀತೈತಿ' ಎನ್ನುತ್ತ ಬಂದರು. ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆಯಲೇ ಇಲ್ಲ. ವೈದ್ಯರ ಹಾಗೆ ಕೇಳುತ್ತ ಹೋದರು. ಹಚ್ಚಿದ ಎಷ್ಟು ಹೊತ್ತಿಗೆ ಆರುತ್ತದೆ? ಪೂರ್ತಿ ಆರುತ್ತದೋ, ಆರಿ ತಾನೇ ಹತ್ತಿಕೊಳ್ಳುತ್ತದೋ? ಆಗ ನೀರಿನ ಪಂಪು, ಮಿಕ್ಸಿ ಏನಾದರೂ ಓಡುತ್ತಿತ್ತೋ? ನಾನು ತಡವರಿಸಿದೆ. ಬಾಗಿಲ ಬಳಿ ನಿಂತಿದ್ದ ಮಗನಿಗೆ ಅರ್ಧಕ್ಕೆ ಉತ್ತರ ಗೊತ್ತಿತ್ತು. ಹಿರಿಯರು ಅವನಿಗೊಂದು ನೋಟುಪುಸ್ತಕ ಕೊಡಿಸಿ, 'ಹತ್ತು ದಿನ ಏನೂ ರಿಪೇರಿ ಮಾಡಬ್ಯಾಡ, ನೋಡಿ ಬರಿ ಅಷ್ಟ' ಎಂದರು.

ಆ ಪುಸ್ತಕ ಈಗಲೂ ನನ್ನ ಬಳಿ ಇದೆ. 'ಏಪ್ರಿಲ್ 27, ಮಧ್ಯಾಹ್ನ 2.50. ಆಟ. ಹಚ್ಚಿ 20 ನಿಮಿಷ. ಪೂರ್ತಿ ಆರಿತು. ಪಂಪು ಇಲ್ಲ.' ಇಂಥ ಹನ್ನೊಂದು ದಾಖಲೆಗಳಿವೆ. ಆಟಕ್ಕೆ ಇಪ್ಪತ್ತು ನಿಮಿಷ, ಟೈಪಿಗೆ ಐವತ್ತು. ಆರಿದ ಕೂಡಲೇ ಹಚ್ಚಿದರೆ ಐದು ನಿಮಿಷವೂ ಇಲ್ಲ; ಅರ್ಧ ಗಂಟೆ ಬಿಟ್ಟು ಹಚ್ಚಿದರೆ ಮತ್ತೆ ಮೊದಲಿನಷ್ಟೇ ಆಯುಷ್ಯ. ವೈರಸ್ಸಿಗೆ ಹೀಗೆ ಅರ್ಧ ಗಂಟೆಯ ವಿಶ್ರಾಂತಿ ಬೇಕಾಗುವುದಿಲ್ಲ. ಓದಿದ ಹಿರಿಯರು ಒಂದೇ ಮಾತು ಹೇಳಿದರು: 'ಕಾವು.'

ಕಂಪ್ಯೂಟರಿನ ಪ್ರೊಸೆಸರು ಕೆಲಸ ಹೆಚ್ಚಿದಷ್ಟೂ ಬಿಸಿಯಾಗುತ್ತದೆ. ಆಟಗಳು ಅದರಿಂದ ಹೆಚ್ಚು ಕೆಲಸ ತೆಗೆಯುತ್ತವೆ. ಆ ಬಿಸಿಯನ್ನು ಹೀರಲು ಮೇಲೊಂದು ಲೋಹದ ರೆಕ್ಕೆಗಳ ದಿಂಡು, ಅದರ ಮೇಲೊಂದು ಪುಟ್ಟ ಫ್ಯಾನು ಇರುತ್ತವೆ. ಬಿಸಿ ಮಿತಿ ಮೀರಿದರೆ ಸುಟ್ಟುಹೋಗುವುದಕ್ಕಿಂತ ಆರುವುದೇ ಲೇಸೆಂದು ಯಂತ್ರವೇ ತನ್ನ ವಿದ್ಯುತ್ತನ್ನು ಕಡಿದುಕೊಳ್ಳುತ್ತದೆ. ನಾವು ರೋಗವೆಂದುಕೊಂಡದ್ದು ಅದರ ಆತ್ಮರಕ್ಷಣೆ.

ಪ್ಲಗ್ಗು ಕಿತ್ತು ಡಬ್ಬಿ ಬಿಚ್ಚಿದೆವು. ಮಗನಿಗೆ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲು ನನ್ನಿಂದ ಆಗಿರಲಿಲ್ಲ. ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು ನಾನು ಟಾರ್ಚು ಹಿಡಿದೆ. ಒಳಗೆ ನೋಡಿದರೆ, ರೆಕ್ಕೆಗಳ ನಡುವೆ ಕೆಂಪು ಕಂಬಳಿ ಹೊದಿಸಿದಂತೆ ಧೂಳು! ಆ ವರ್ಷಗಳಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಆ ಧೂಳು ಅನ್ನದ ತಟ್ಟೆಯನ್ನೂ ಬಿಟ್ಟಿರಲಿಲ್ಲ. ಸಾಲದ್ದಕ್ಕೆ ಗಾಳಿಯ ಕಿಂಡಿಗಳ ಮೇಲೆ ಕಸೂತಿ ಹೊದಿಕೆ. ಬಾಗಿಲು ಮುಚ್ಚಿದ ಕಪಾಟಿನಲ್ಲಿ ಅದು ತಾನು ಬಿಟ್ಟ ಬಿಸಿಯುಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಏಪ್ರಿಲ್ ಬಿಸಿಲಿನ ಮಧ್ಯಾಹ್ನಗಳಲ್ಲಿ ಅದು ಬದುಕುವುದಾದರೂ ಹೇಗೆ? ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಡಬ್ಬಿಯನ್ನು ಕಪಾಟಿನಿಂದ ಹೊರಗಿಟ್ಟೆವು. ಹೊದಿಕೆ ಹೊಲಿಗೆ ಯಂತ್ರಕ್ಕೆ ಹೋಯಿತು. ಹೆಂಡತಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡೆವು. ಆದರೆ ಪುಸ್ತಕದಲ್ಲಿ ಬೇರೆ ಜಾತಿಯ ಎರಡು ದಾಖಲೆಗಳು ಉಳಿದಿದ್ದವು. ಅವು ತಂಪು ಹೊತ್ತಿನವು, 'ತಾನೇ ಆರಿ ತಾನೇ ಹತ್ತಿತು' ಎಂಬಂಥವು. ವಿಂಡೋಸ್ ಎಕ್ಸ್‌ಪಿಯಲ್ಲಿ ದೋಷವಾದರೆ ಕೂಡಲೇ ಮರುಚಾಲನೆಯಾಗಲಿ ಎಂಬ ಟಿಕ್ ಗುರುತೊಂದು ಮೊದಲೇ ಹಾಕಿರುತ್ತಿತ್ತು. ದೋಷವನ್ನು ತಿಳಿಸುವ ನೀಲಿ ಪರದೆ ಕಣ್ಣಿಗೆ ಬೀಳುವ ಮುನ್ನವೇ ಮಾಯ. ಮಗ ಆ ಗುರುತು ತೆಗೆದ. ಮೂರನೆಯ ದಿನ ನೀಲಿ ಪರದೆ ಬಂದು ನಿಂತಿತು. ಇನ್ನೊಮ್ಮೆ ಬಂದಾಗ ಅದರಲ್ಲಿದ್ದ ಸಂಖ್ಯೆ ಬೇರೆ. ಪ್ರತಿಸಲವೂ ದೂರು ಬದಲಾಗುತ್ತಿದ್ದರೆ ಮೆಮೊರಿಯನ್ನು ಶಂಕಿಸಬೇಕು ಎಂದು ಅವನು ಎಲ್ಲೋ ಓದಿದ್ದ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯಿತ್ತು. ನಮ್ಮ ಯಂತ್ರದಲ್ಲಿ 128 ಎಂಬಿಯ ಎರಡು ಮೆಮೊರಿ ಪಟ್ಟಿಗಳು. ಒಂದನ್ನು ತೆಗೆದಿಟ್ಟು ಇನ್ನೊಂದನ್ನು ರಾತ್ರಿಯಿಡೀ ಪರೀಕ್ಷೆಗೆ ಬಿಟ್ಟ. ಬೆಳಗಾದರೂ ಒಂದು ತಪ್ಪಿಲ್ಲ. ಮರುರಾತ್ರಿ ಎರಡನೆಯದು. ಬೆಳಿಗ್ಗೆ ಎದ್ದಾಗ ಪರದೆಯ ತುಂಬ ಕೆಂಪು ಸಾಲುಗಳು. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಒಂದರ ದುಡ್ಡು ದಂಡವಾಗುತ್ತಿತ್ತು.

ಈಚೆಗೆ ಪಕ್ಕದ ಮನೆಯವರು ಹೀಗೇ ಬಂದು, 'ಮಗಳು ಏನೋ ಮಾಡಿ ಲ್ಯಾಪ್‌ಟಾಪ್ ಕೆಡಿಸಿದ್ದಾಳೆ' ಎಂದರು. ಹುಡುಗಿ ಅದನ್ನು ಹಾಸಿಗೆಯ ಮೇಲಿಟ್ಟು ಓದುತ್ತಿದ್ದಳು. ಅಡಿಯ ಕಿಂಡಿಗಳೆಲ್ಲ ರಜಾಯಿಯಲ್ಲಿ ಹೂತಿದ್ದವು. ಈಗಿನ ವಿಂಡೋಸ್‌ನಲ್ಲಿ ರಿಲಯಬಿಲಿಟಿ ಮಾನಿಟರ್ ಎಂಬುದಿದೆ. ಯಂತ್ರ ಯಾವ ದಿನ, ಎಷ್ಟು ಗಂಟೆಗೆ ಬಿದ್ದಿತೆಂದು ತಾನೇ ಬರೆದಿಡುತ್ತದೆ. ಮೆಮೊರಿ ಪರೀಕ್ಷೆಯೂ ಅದರಲ್ಲೇ ಇದೆ, ಸಿ.ಡಿ. ಹುಡುಕಬೇಕಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ಕರ್ನೆಲ್-ಪವರ್ 41 ಎಂಬ ದಾಖಲೆ ಕಂಡು ಆ ಹುಡುಗಿ ಗಾಬರಿಯಾಗಿದ್ದಳು. ಯಂತ್ರ ಸರಿಯಾಗಿ ಮುಚ್ಚದೆ ಆರಿತ್ತು ಎಂಬುದಷ್ಟೇ ಅದರ ಅರ್ಥ, ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಡಬ್ಬಿಯಂಥ ಕಂಪ್ಯೂಟರು ಇರುವ ಮಕ್ಕಳಿಗೆ ಎರಡು ಮಾತು: ಧೂಳು ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿ ಊದಿ ಗಿರ್ರೆನ್ನಿಸಬೇಡಿ. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಮತ್ತು ಯಾರಾದರೂ ಫಾರ್ಮ್ಯಾಟ್ ಎಂದರೆ, ಮನೆಯಲ್ಲಿರುವ ಎಲ್ಲರನ್ನೂ ಕೇಳಿ.

ನಮ್ಮ ಆ ಕಂಪ್ಯೂಟರು 2011ರಲ್ಲಿ ಗುಜರಿಗೆ ಹೋಯಿತು. ನೋಟುಪುಸ್ತಕವನ್ನು ತಿರುವಿ ಹಿಂಬದಿಯಿಂದ ನೋಡಿದರೆ ಹಾಡುಗಳಿವೆ. 2005ರ ಜೂನ್‌ನಲ್ಲಿ ಮಗ ಮತ್ತೆ ಅಜ್ಜಿಯ ಮುಂದೆ ಕೂತಿದ್ದ, ಈ ಸಲ ಪೆನ್ಸಿಲ್ ಹಿಡಿದು. 'ಒಮ್ಮೆ ಹೇಳಿದ್ದು ಮತ್ತ ಹಂಗ ಬರ್ತೈತೇನೋ ತಮ್ಮಾ' ಎನ್ನುತ್ತಲೇ ಅವ್ವ ಇಪ್ಪತ್ತಾರು ಹಾಡು ನೆನಪಿಸಿಕೊಂಡಳು. ಉಳಿದ ಹದಿನೈದಕ್ಕೆ ಅವನು ಕ್ರಮಸಂಖ್ಯೆ ಹಾಕಿ ಪುಟ ಖಾಲಿ ಬಿಟ್ಟಿದ್ದಾನೆ.