ನಾನೂ ಗುಳೆ ಬಂದವನೇ

ನಮ್ಮ ಅಪಾರ್ಟ್‌ಮೆಂಟ್ ಪಕ್ಕದಲ್ಲೇ ಇನ್ನೊಂದು ಏಳ್ತಾ ಇದೆ. ಮೇ ತಿಂಗಳ ಒಂದು ಸಂಜೆ ಮೀಟಿಂಗ್ ಮುಗಿಸಿ ಬಾಲ್ಕನಿಗೆ ಬಂದರೆ, ಕೆಳಗಿನಿಂದ ಒಂದು ದನಿ: "ಲಗೂನ ಬಾರಲೇ, ಹೊತ್ತು ಮುಳುಗಾಕತ್ತೇತಿ!" ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಈ ಮಾತು ಕೇಳಿದರೆ ಕಾಲು ತಾನಾಗೇ ಕೆಳಗಿಳಿಯುತ್ತೆ.

"ಯಾವೂರ್ರೀ ಕಾಕಾ?"

"ಯಲಬುರ್ಗಾ ಕಡೇವ್ರು ರೀ ಸರ."

"ನಾನೂ ಆ ಕಡೇವ್ನ ರೀ."

ಕಾಕಾ ನಕ್ಕರು. "ಹಂಗಾದ್ರ ನೀನೂ ಗುಳೆ ಬಂದಿ ಅನ್ನು ತಮ್ಮಾ."

ಮುದುಕರನ್ನು ಊರಲ್ಲಿ ಬಿಟ್ಟು ದುಡಿಯಲು ದೂರ ಹೋಗುವುದಕ್ಕೆ ಯಲಬುರ್ಗಾ, ಕುಷ್ಟಗಿ ಕಡೆ ಗುಳೆ ಅಂತಾರೆ. ನನ್ನ ಕೈಯಲ್ಲಿ ಆಫರ್ ಲೆಟರ್ ಇತ್ತು. ಅದಕ್ಕೇ ಏನೋ, ಆ ಹೆಸರು ನನಗೆ ಹೊಳೆದೇ ಇರಲಿಲ್ಲ.

ಆಫೀಸಿನಲ್ಲಿ ಊರ ಹೆಸರು ಹೇಳಿದರೆ "ಹಂಪಿ ಹತ್ರಾನಾ?" ಅಂತಾರೆ. ಹೂಂ ಅಂದುಬಿಡ್ತೀನಿ. ಆದರೆ ವಿಜಯನಗರ ಹುಟ್ಟುವ ಮೊದಲೇ, 12ನೇ ಶತಮಾನದಲ್ಲಿ, ನಮ್ಮ ಯಲಬುರ್ಗಾ 'ಎರಂಬರಗೆ' ಎಂಬ ಹೆಸರಲ್ಲಿ ಸಿಂದರ ರಾಜಧಾನಿಯಾಗಿತ್ತು. ಹತ್ತಿರದ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿಯನ್ನು ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಅಂಥ ಗುಡಿ ಎದ್ದ ಸೀಮೆಯ ಜನ ಈಗ ಬೆಂಗಳೂರಿನ ಹದಿನಾಲ್ಕನೇ ಮಹಡಿಗೆ ಇಟ್ಟಿಗೆ ಹೊರ್ತಾರೆ.

ದೊಡ್ಡ ಕಾರಣ ನೀರು. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬಂತು, ಗಂಗಾವತಿ ಭತ್ತದ ಕಣಜವಾಯ್ತು. ನಮ್ಮದು ಎತ್ತರದ ನೆಲ, ಕಾಲುವೆ ನೀರು ಏರಿ ಬರಲಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯ್ತು. ಹೊಸ ಜಿಲ್ಲೆಯಲ್ಲೂ ನಮ್ಮ ಹೊಲ ಅದೇ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಎಲ್ಲವೂ ಮೋಡ ನೋಡಿಕೊಂಡೇ.

ಕಾಕಾ ಗಂಟು ಕಟ್ಟುತ್ತಿದ್ದರು. "ಮಳಿ ಹಿಡಿಯೂದ್ರಾಗ ಊರು ಮುಟ್ಟಬೇಕು. ಹೆಸರು ಬಿತ್ತೂದೈತಿ. ನೀ ಯಾವಾಗ ಹೊಂಟಿ?"

"ಜಾತ್ರಿಗೆ ಹೋಗ್ತೀನ್ರೀ," ಅಂದೆ. ಗವಿಮಠದ ಜಾತ್ರೆ ಜನವರಿಗೆ. ಕಾಕಾ ಸುಮ್ಮನೆ ತಲೆಯಾಡಿಸಿದರು.

ಇಟ್ಟಿಗೆ ಹೊರುವವರು ಬಿತ್ತನೆಗೆ ವಾಪಸ್ ಹೋಗ್ತಾರೆ. ಲ್ಯಾಪ್‌ಟಾಪ್ ಹೊತ್ತ ನಾನು ಒಂದು ಸಲವೂ ಹೋಗಿಲ್ಲ. ನಮ್ಮ ಹೊಲ ಮೂರು ವರ್ಷದಿಂದ ಬೇರೆಯವರ ಪಾಲಿಗಿದೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಈ ಸಲ ಹೊಲಾ ಪಾಲಿಗೆ ಹಾಕಬ್ಯಾಡ. ಬಿತ್ತೂ ಹೊತ್ತಿಗೆ ನಾ ಬರ್ತೀನಿ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಕೂರಿಗಿ ಹಿಡಿಯಾಕ ಬರ್ತೈತೇನು ನಿನಗ?"

ಬರಲ್ಲ. ಆದರೂ ರಜೆ ಹಾಕಿದ್ದೀನಿ.