ಒಂದು ವಾಷರಿನ ದಾರಿ

ಸೊರಬದ ಅಡಿಕೆ ತೋಟಗಳಲ್ಲಿ ಮಳೆಗಾಲವೆಂದರೆ ಕೊಳೆರೋಗದ ಭೀತಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ತೋರಿಸಿಕೊಟ್ಟ ಬೋರ್ಡೋ ದ್ರಾವಣವೇ ನಮ್ಮ ರಕ್ಷೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ.

ಒಂದು ವರ್ಷ ಎರಡನೆಯ ಔಷಧಿ ಹೊಡೆಯುವ ಹೊತ್ತಿಗೆ ನಮ್ಮ ಪಂಪಿನ ವಾಷರ್ ಹರಿಯಿತು. ಪೇಟೆಯ ಅಂಗಡಿಯಲ್ಲಿ ಹೊಸ ಪಂಪುಗಳು ಸಾಲಾಗಿ ನಿಂತಿದ್ದವು. ವಾಷರ್ ಒಂದೂ ಇರಲಿಲ್ಲ. ಶಿವಮೊಗ್ಗಕ್ಕೆ ಹೇಳಿಕಳುಹಿಸಿದೆವು. ಶಿಕಾರಿಪುರ, ಶಿರಾಳಕೊಪ್ಪಗಳನ್ನು ಹಾದು, ಬಸ್ಸಿನ ಕಂಡಕ್ಟರರ ಕೈಯಲ್ಲಿ ಅದು ಬಂದು ತಲುಪಿದ್ದು ನಾಲ್ಕನೆಯ ದಿನ. ಅಷ್ಟರಲ್ಲಿ ಕೊನೆಗಾರರು ಬೇರೆ ತೋಟಕ್ಕೆ ಹೋಗಿದ್ದರು. ಎರಡು ದಿನದ ಹೊಳವು ಮುಗಿದು ಮಳೆ ಮತ್ತೆ ಹಿಡಿದಿತ್ತು. ಮುಂದಿನ ವಾರಗಳಲ್ಲಿ ಉದುರಿದ ಎಳೆಗಾಯಿಗಳನ್ನು ಅಪ್ಪಯ್ಯ ಮಾತಿಲ್ಲದೆ ಬುಟ್ಟಿಗೆ ಆಯ್ದರು.

ಮರುವರ್ಷ ತರಗತಿಯಲ್ಲಿ, ನೂರು ಪಂಪು ಮಾರಿದರೆ ಲಾಭವೆಷ್ಟು ಎಂಬ ಲೆಕ್ಕವನ್ನು ಬಿಟ್ಟು, "ನೂರು ಪಂಪು ಮಾರಿದವನು ಮಳೆಗಾಲಕ್ಕೆ ಎಷ್ಟು ವಾಷರ್ ಇಟ್ಟಿರಬೇಕು?" ಎಂದು ಕೇಳಿದೆ. ತೋಟದ ಮನೆಯ ಹುಡುಗನೊಬ್ಬ ಎದ್ದು, "ಮಳೆ ಎಷ್ಟು ದಿನ ಬಿಡುವು ಕೊಡುತ್ತದೆ ಅಂತ ಮೊದಲು ಹೇಳಿ, ಸಾರ್" ಎಂದ. ಅಂದು ಅಲ್ಲಿದ್ದವರಿಗೆ ನೆನಪಿರಬಹುದು, ನಾನು ಉತ್ತರಿಸಲಿಲ್ಲ. ಆದರೆ ಆಮೇಲೆ ನಮ್ಮ ಮನೆಯ ಗೂಡಿನಲ್ಲಿ ಎರಡು ವಾಷರುಗಳು ಎಂದೂ ತಪ್ಪಲಿಲ್ಲ.